ಡಿಫೆಂಡರ್‌ಗೆ ವಿನಾಯಿತಿ ಸೇರಿಸಿದವರನ್ನು ಲಾಗ್‌ನಲ್ಲಿ ಹಿಡಿಯುವುದು ಹೇಗೆ?

ಸಂಘದ_ಗಣಕ:
ನಮ್ಮದು ತಾಲ್ಲೂಕಿನ ಪತ್ತಿನ ಸಹಕಾರ ಸಂಘ. ಎಲ್ಲವೂ ವಿಂಡೋಸ್ 11 ಯಂತ್ರಗಳು, ಆಂಟಿವೈರಸ್ ಎಂದರೆ ಡಿಫೆಂಡರ್ ಮಾತ್ರ. ರಕ್ಷಣೆಯ ಸೆಟ್ಟಿಂಗ್ ಬದಲಿಸದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಚಾಲೂ ಇದೆ. ಆದರೂ ನಗದು ಕೌಂಟರಿನ ಯಂತ್ರದಲ್ಲಿ ಯಾರೋ ಇಡೀ ಡಿ ಡ್ರೈವನ್ನು ತಪಾಸಣೆಯಿಂದ ಹೊರಗಿಟ್ಟಿದ್ದಾರೆ. ಸದಸ್ಯರ ಠೇವಣಿ ಲೆಕ್ಕವೆಲ್ಲ ಅಲ್ಲೇ ಇದೆ. ಕೇಳಿದರೆ ಎಲ್ಲರೂ ಗೊತ್ತಿಲ್ಲ ಎನ್ನುತ್ತಾರೆ. ಯಾರು, ಯಾವಾಗ ಮಾಡಿದರು ಎಂದು ತಿಳಿಯಲು ದಾರಿ ಇದೆಯೇ?

ಕೆಂಪುದೀಪ:
ವಿಂಡೋಸ್ ಲಾಗ್ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಡಿಫೆಂಡರ್‌ನ ಆಪರೇಷನಲ್ ಲಾಗ್ ತೆರೆದು 5001 ಎಂಬ ಘಟನೆ ಸಂಖ್ಯೆ ಹುಡುಕಿ. ರಿಯಲ್ ಟೈಮ್ ರಕ್ಷಣೆ ನಿಂತರೆ ಅದು ದಾಖಲಾಗುತ್ತದೆ.

ಲಾಗ್_ಕಾವಲು:
ಇಲ್ಲಿ 5001 ಸಿಗುವುದಿಲ್ಲ, ಏಕೆಂದರೆ ರಕ್ಷಣೆ ನಿಂತೇ ಇಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದೂ ಇದೇ. ಹಸಿರು ಗುರುತು ಹಾಗೆಯೇ ಇರುತ್ತದೆ, ಡಿ ಡ್ರೈವ್ ಮಾತ್ರ ಕಾವಲಿನಿಂದ ತಪ್ಪಿರುತ್ತದೆ. ಬಿಡಿ ಯಂತ್ರಗಳಲ್ಲಿ ಟ್ಯಾಂಪರ್ ಪ್ರೊಟೆಕ್ಷನ್ ವಿನಾಯಿತಿ ಪಟ್ಟಿಯನ್ನು ಕಾಯುವುದಿಲ್ಲ, ಅಡ್ಮಿನ್ ಅಧಿಕಾರ ಇದ್ದವರು ಅದಕ್ಕೆ ಏನನ್ನಾದರೂ ಸೇರಿಸಬಹುದು.

ನೀವು ನೋಡಬೇಕಾದ್ದು 5007, ಅಂದರೆ ಡಿಫೆಂಡರ್ ಸೆಟ್ಟಿಂಗ್ ಬದಲಾದಾಗ ಬರುವ ದಾಖಲೆ. ಡಿಫೆಂಡರ್ ತನ್ನ ಪಾಡಿಗೆ ಏನಾದರೂ ಬದಲಿಸಿಕೊಂಡರೂ ಅದು ಬರುವುದರಿಂದ ರಾಶಿ ಇರುತ್ತದೆ. ಅದರಲ್ಲಿ ‘ಎಕ್ಸ್‌ಕ್ಲೂಷನ್ಸ್’ (ವಿನಾಯಿತಿಗಳು) ಎಂಬ ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್ ಸಂಗ್ರಹ) ದಾರಿ ಇರುವುದನ್ನಷ್ಟೇ ಸೋಸಿ. ಹಳೆಯ ಮೌಲ್ಯ, ಹೊಸ ಮೌಲ್ಯ, ಸಮಯ ಮೂರೂ ಸಿಗುತ್ತವೆ. ಬದಲಿಸಿದವರ ಹೆಸರು ಮಾತ್ರ ಇರುವುದಿಲ್ಲ. ಆ ಸಮಯವನ್ನು ಹಿಡಿದುಕೊಂಡು ಸೆಕ್ಯುರಿಟಿ ಲಾಗ್‌ಗೆ ಹೋಗಿ, ಅದಕ್ಕೆ ಸ್ವಲ್ಪ ಮುಂಚಿನ 4624 (ಯಶಸ್ವಿ ಲಾಗಾನ್ ದಾಖಲೆ) ನೋಡಿ. ಯಾವ ಖಾತೆ ಒಳಬಂದಿದೆ, ಲಾಗಾನ್ ಬಗೆ ಯಾವುದು ಎಂದು ಅಲ್ಲಿರುತ್ತದೆ. ಬಗೆ 10 ಎಂದಿದ್ದರೆ ಬೇರೆ ಯಂತ್ರದಿಂದ ಒಳಬರುವ ರಿಮೋಟ್ ಡೆಸ್ಕ್‌ಟಾಪ್.

ದಯವಿಟ್ಟು ಈ ಕೆಲಸವನ್ನು ಇಂದೇ ಮಾಡಿ. ಸೆಕ್ಯುರಿಟಿ ಲಾಗ್‌ನ ಮೂಲ ಮಿತಿ 20 ಎಂಬಿ, ತುಂಬಿದ ಮೇಲೆ ಹಳೆಯದು ಅಳಿಯುತ್ತದೆ. ಮೊದಲು ಎರಡೂ ಲಾಗ್‌ಗಳನ್ನು ಪೆನ್‌ಡ್ರೈವ್‌ಗೆ ಉಳಿಸಿಕೊಳ್ಳಿ, ಆಮೇಲೆ ಓದಿ.

ಸಂಘದ_ಗಣಕ:
ಸಿಕ್ಕಿತು ಸರ್. ಶನಿವಾರ ಸಂಜೆ ಕಚೇರಿ ಮುಚ್ಚಿದ ಮೇಲೆ 5007 ಇದೆ. ಅದಕ್ಕೆ ಕೆಲವೇ ನಿಮಿಷ ಮುಂಚೆ 4624, ಬಗೆ 10. ಖಾತೆ ಲೆಕ್ಕದ ತಂತ್ರಾಂಶದವರಿಗೆ ಕೊಟ್ಟಿದ್ದ ಅಡ್ಮಿನ್ ಖಾತೆ. ಅವರಿಗೆ ಫೋನ್ ಮಾಡಿದರೆ, ತಂತ್ರಾಂಶ ನಿಧಾನವಾಗುತ್ತದೆ ಎಂದು ಎಲ್ಲ ಗ್ರಾಹಕರಲ್ಲೂ ಹೀಗೆಯೇ ಮಾಡುತ್ತೇವೆ ಎಂದರು. ಮುಂದೆ ಹೀಗಾದರೆ ಅಂದೇ ತಿಳಿಯಬೇಕು, ಏನು ಮಾಡಲಿ?

ಲಾಗ್_ಕಾವಲು:
ಎಲ್ಲ ಗ್ರಾಹಕರಲ್ಲೂ ಎಂದರೆ ಇನ್ನೂ ಕೆಟ್ಟದ್ದು. ಆ ಖಾತೆಯ ಪಾಸ್‌ವರ್ಡ್ ಈಗಲೇ ಬದಲಿಸಿ, ಅವರಿಗೆ ಕೆಲಸವಿದ್ದಾಗ ಮಾತ್ರ ಖಾತೆ ತೆರೆಯಿರಿ. ವಿನಾಯಿತಿ ಬೇಕೇ ಬೇಕು ಎಂದರೆ ಅವರ ಡೇಟಾಬೇಸ್ ಫೋಲ್ಡರ್ ಒಂದಕ್ಕೆ ಸಾಕು, ಅದೂ ಲಿಖಿತವಾಗಿ ಕೇಳಿದರೆ. ಯಂತ್ರಗಳಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಸ್ಥಳೀಯ ಅಡ್ಮಿನ್ ಪಟ್ಟಿಗಳ ವಿಲೀನವನ್ನು ನಿಲ್ಲಿಸಿದರೆ ಯಂತ್ರದಲ್ಲಿ ಕುಳಿತು ಸೇರಿಸಿದ ವಿನಾಯಿತಿಗೆ ಬೆಲೆಯೇ ಇರುವುದಿಲ್ಲ.

ಲಾಗ್ ಆ ಯಂತ್ರದಲ್ಲೇ ಉಳಿದರೆ ಕಳ್ಳನ ಕೈಗೇ ಕೀಲಿ ಕೊಟ್ಟಂತೆ. ವಿಂಡೋಸ್‌ನಲ್ಲೇ ಇರುವ ಈವೆಂಟ್ ಫಾರ್ವರ್ಡಿಂಗ್ ಬಳಸಿ ಲಾಗ್ ಅನ್ನು ಬೇರೆ ಯಂತ್ರಕ್ಕೆ ಕಳುಹಿಸಿ, ಬೇರೆ ಖರ್ಚಿಲ್ಲ. ವಿಳಂಬ ಕಡಿಮೆ ಇರುವ ಆಯ್ಕೆಯಲ್ಲಿ 30 ಸೆಕೆಂಡಿಗೊಮ್ಮೆ ಸಂಗ್ರಹದ ಸರ್ವರ್‌ಗೆ ಹೋಗುತ್ತದೆ. 5001, 5007, ಆಡಿಟ್ ನೀತಿ (ಏನೇನು ದಾಖಲಾಗಬೇಕು ಎಂಬ ನಿಯಮ) ಬದಲಾದರೆ ಬರುವ 4719, ಸೆಕ್ಯುರಿಟಿ ಲಾಗ್ ಅಳಿಸಿದರೆ ಬರುವ 1102 ಇವಿಷ್ಟರಿಂದ ಶುರು ಮಾಡಿ. ಆದೇಶ ಬರೆದು ವಿಂಡೋಸ್ ನಡೆಸುವ ಪವರ್‌ಶೆಲ್‌ನಲ್ಲಿ, ಓಡಿದ ಆದೇಶಗಳನ್ನು ಬರೆದಿಡುವ ಸ್ಕ್ರಿಪ್ಟ್ ಬ್ಲಾಕ್ ದಾಖಲೆಯನ್ನೂ ಚಾಲೂ ಮಾಡಿ. ಆಗ ಪವರ್‌ಶೆಲ್‌ನಿಂದ ವಿನಾಯಿತಿ ಸೇರಿಸಿದರೆ ಆ ಆದೇಶ ಖಾತೆಯ ಗುರುತಿನೊಂದಿಗೆ 4104ರಲ್ಲಿ ಬೀಳುತ್ತದೆ. ಕೆಲಸದ ವೇಳೆಯಲ್ಲಿ ಒಂದು ಯಂತ್ರದಿಂದ ಏನೂ ಬಾರದಿದ್ದರೆ ಎದ್ದುಹೋಗಿ ಆ ಯಂತ್ರವನ್ನು ನೋಡಿ.

ಕೆಂಪುದೀಪ:
ಸಂಗ್ರಹದ ಸರ್ವರ್‌ನಲ್ಲಿ ಜಾಗ ಧಾರಾಳವಾಗಿ ಇಡಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಲ್ಲಿ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದಿದೆ.

ಸಂಘದ_ಗಣಕ:
ಡಿ ಡ್ರೈವಿನ ವಿನಾಯಿತಿ ತೆಗೆದು ಪೂರ್ಣ ಸ್ಕ್ಯಾನ್ ಹಾಕಿದ್ದೇನೆ. ಉಳಿದ ಯಂತ್ರಗಳ 5007 ಕೂಡ ಈಗ ಸೋಸುತ್ತಿದ್ದೇನೆ. ಇನ್ನೆರಡರಲ್ಲಿ ಅದೇ ಖಾತೆ ಕಾಣುತ್ತಿದೆ.