ಹೊರಜಗಲಿಯ ತೇಗದ ಬೆಂಚಿಗೆ ಮೊಳೆಯೋ, ಸ್ಕ್ರೂವೋ, ಬೋಲ್ಟೋ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಕಡಲ ತೀರಕ್ಕೆ ಹತ್ತಿರವಿರುವ ನಮ್ಮ ಹಳೆಯ ಮನೆಯ ಅಟ್ಟ ಬಿಚ್ಚಿದಾಗ ಒಂದು ಇಂಚು ದಪ್ಪ, ಆರು ಇಂಚು ಅಗಲದ ಒಳ್ಳೆಯ ತೇಗದ ಹಲಗೆಗಳು ಸಿಕ್ಕಿವೆ. ಮಳೆಯ ಎರಚಲು ಬೀಳುವ ಹೊರಜಗಲಿಗೆ ಅವುಗಳಿಂದ ಐದಡಿ ಉದ್ದದ ಬೆಂಚು ಮಾಡಿಸಬೇಕೆಂದಿದ್ದೇನೆ. ಮೂರಿಂಚು ಚೌಕದ ಕಾಲುಗಳು, ಅವುಗಳ ನಡುವೆ ಎರಡಿಂಚು ದಪ್ಪದ ಅಡ್ಡಪಟ್ಟಿಗಳು, ಮೇಲೆ ಹಲಗೆಗಳು. ಆಚಾರಿಯವರು ಮೂರಿಂಚಿನ ಮೊಳೆ ಸಾಕೆನ್ನುತ್ತಾರೆ. ಅಂಗಡಿಯವರು ಕಪ್ಪು ಬಣ್ಣದ ಡ್ರೈವಾಲ್ ಸ್ಕ್ರೂ ತೋರಿಸಿ, ಎಲ್ಲರೂ ಇದನ್ನೇ ಒಯ್ಯುತ್ತಾರೆ ಎಂದರು. ಯಾವುದನ್ನು ಎಲ್ಲಿ ಬಳಸಬೇಕೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಯಾವುದು ಹೆಚ್ಚು ಗಟ್ಟಿ ಎಂದು ಕೇಳುವುದಕ್ಕಿಂತ, ಆ ಜೋಡಣೆಯ ಮೇಲೆ ಬಲ ಯಾವ ದಿಕ್ಕಿನಿಂದ ಬೀಳುತ್ತದೆ ಎಂದು ಮೊದಲು ನೋಡಿ. ಮೊಳೆಯು ತನಗೆ ಅಡ್ಡವಾಗಿ ಬರುವ ಬಲವನ್ನು ಚೆನ್ನಾಗಿ ತಾಳುತ್ತದೆ, ಅತಿಯಾದರೂ ಮುರಿಯುವ ಮುನ್ನ ಬಾಗುತ್ತದೆ. ಆದರೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದರೆ ಅದರ ಹಿಡಿತ ಕಡಿಮೆ. ಹಂಚಿನ ಮಾಡಿನ ಪಕ್ಕಾಸಿಗೆ (ಇಳಿಜಾರಾದ ತೊಲೆಗೆ) ರೀಪನ್ನು (ಹಂಚು ಕೂರುವ ಅಡ್ಡ ಪಟ್ಟಿಯನ್ನು) ಮೊಳೆಯಿಂದ ಹೊಡೆಯುವುದು ಸರಿಯೇ, ಏಕೆಂದರೆ ಹಂಚಿನ ಭಾರ ರೀಪನ್ನು ಸದಾ ಕೆಳಕ್ಕೆ ಒತ್ತಿಕೊಂಡೇ ಇರುತ್ತದೆ. ಬೆಂಚಿನ ಹಲಗೆಯ ಸ್ಥಿತಿ ಹಾಗಲ್ಲ. ಅದು ಮಳೆಗೆ ಉಬ್ಬಿ, ಬಿಸಿಲಿಗೆ ಒಣಗಿ, ಅಂಚು ಮೇಲೆದ್ದು ಮೊಳೆಯನ್ನು ಪ್ರತಿವರ್ಷ ಸ್ವಲ್ಪ ಸ್ವಲ್ಪವೇ ಕೀಳುತ್ತದೆ. ಆದ್ದರಿಂದ ಹಲಗೆಗಳಿಗೆ ಸ್ಕ್ರೂವೇ ಬೇಕು.

8ನೇ ನಂಬರಿನ, ಎರಡೂವರೆ ಇಂಚು ಉದ್ದದ ಸ್ಕ್ರೂ ತೆಗೆದುಕೊಂಡರೆ ಒಂದೂವರೆ ಇಂಚು ಅಡ್ಡಪಟ್ಟಿಯೊಳಗೆ ಇಳಿಯುತ್ತದೆ. ಉದ್ದದ ಅರ್ಧಕ್ಕಿಂತ ಹೆಚ್ಚು ಭಾಗ ಕೆಳಗಿನ ಮರದಲ್ಲಿರಬೇಕು. ಮೇಲಿನ ಹಲಗೆಯಲ್ಲಿ ಸ್ಕ್ರೂ ಸಡಿಲವಾಗಿ ಹಾಯುವಂತೆ ನಾಲ್ಕೂವರೆ ಮಿಲಿಮೀಟರ್ ತೂತನ್ನೂ, ಕೆಳಗಿನ ಮರದಲ್ಲಿ ಸುಮಾರು ಮೂರು ಮಿಲಿಮೀಟರ್ ತೂತನ್ನೂ ಕೊರೆಸಿ. ಮೇಲಿನ ಹಲಗೆಯಲ್ಲೂ ಸ್ಕ್ರೂವಿನ ಮರೆ (ಸುತ್ತಲಿನ ಸುರುಳಿ ಏಣು) ಕಚ್ಚಿಕೊಂಡರೆ ಎರಡು ಮರಗಳ ನಡುವಿನ ಸಂದು ಹಾಗೆಯೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಅದು ಮುಚ್ಚುವುದಿಲ್ಲ. ಬ್ಯಾಟರಿ ಡ್ರಿಲ್ ಬಂದ ಮೇಲೆ ತೂತು ಕೊರೆಯದೆ ನೇರವಾಗಿ ಸ್ಕ್ರೂ ನುಗ್ಗಿಸುವ ಅಭ್ಯಾಸ ಹೆಚ್ಚಾಗಿರುವುದು ಬೇಸರದ ಸಂಗತಿ. ತೇಗದ ಹಲಗೆಯ ತುದಿ ಸೀಳುವುದು ಹೀಗೆಯೇ.

ಉತ್ತರ 2

ಮೇಲಿನವರ ಮಾತಿಗೆ ಲೋಹದ ವಿಚಾರವನ್ನು ಸೇರಿಸಬೇಕು. ಕಪ್ಪು ಡ್ರೈವಾಲ್ ಸ್ಕ್ರೂ ಇರುವುದು ಜಿಪ್ಸಮ್ ಹಾಳೆಗಾಗಿ. ಅದರ ಉಕ್ಕು ಗಡುಸು, ಬಾಗದೆ ತಲೆಯ ಬಳಿ ತಟ್ಟನೆ ತುಂಡಾಗುತ್ತದೆ, ಮೇಲಿನ ಕಪ್ಪು ಲೇಪ ಮಳೆಗೆ ನಿಲ್ಲುವುದಿಲ್ಲ. ತೇಗದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಒದ್ದೆಯಾದಾಗ ಕಬ್ಬಿಣದೊಂದಿಗೆ ಸೇರಿ, ಪ್ರತಿ ಸ್ಕ್ರೂವಿನ ಸುತ್ತಲೂ ನೀಲಿಗಪ್ಪು ಕಲೆ ಹರಡುತ್ತದೆ. ಆ ಕಲೆ ಮೇಲ್ಮೈಯಲ್ಲಷ್ಟೇ ನಿಲ್ಲದೆ ಮರದೊಳಕ್ಕೂ ಇಳಿಯುವುದರಿಂದ ಕೀಸಿದರೂ ಪೂರ್ತಿ ಹೋಗದೆ ಇರಬಹುದು.

ನಿಮ್ಮದು ಉಪ್ಪುಗಾಳಿಯ ಜಾಗವಾದ್ದರಿಂದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ ಪಡೆಯಿರಿ. 304ಕ್ಕೂ ಕಡಲ ಬದಿಯಲ್ಲಿ ಚಹಾ ಬಣ್ಣದ ಕಲೆ ಬರುತ್ತದೆ. 316ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ಉಪ್ಪನ್ನು ಹೆಚ್ಚು ತಡೆಯುತ್ತದೆ. ಆಯಸ್ಕಾಂತ ಹಿಡಿದು ಇವೆರಡರ ವ್ಯತ್ಯಾಸ ತಿಳಿಯಲಾಗದು, ಆದ್ದರಿಂದ ಪೊಟ್ಟಣದ ಮೇಲಿನ ಗುರುತನ್ನು ನೋಡಿಯೇ ಕೊಳ್ಳಿ. ಹಿತ್ತಾಳೆಯ ಸ್ಕ್ರೂ ನೋಡಲು ಚೆನ್ನ, ಆದರೆ ಮೃದು. ಗಟ್ಟಿ ಮರದಲ್ಲಿ ಅರ್ಧಕ್ಕೇ ಮುರಿಯುತ್ತದೆ. ಅದೇ ಬೇಕಿದ್ದರೆ ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ಮೊದಲು ಇಳಿಸಿ, ತೆಗೆದು, ಆ ದಾರಿಯಲ್ಲಿ ಹಿತ್ತಾಳೆಯದನ್ನು ಕೈಯಿಂದಲೇ ತಿರುಗಿಸಬೇಕು. ಯಾವುದೇ ಸ್ಕ್ರೂವಿಗೆ ಮೇಣದಬತ್ತಿಯನ್ನು ಸವರಿದರೆ ಸಲೀಸಾಗಿ ಇಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ಕಾಲು ಮತ್ತು ಅಡ್ಡಪಟ್ಟಿ ಸೇರುವಲ್ಲಿಯೂ ಇದೇ ಸ್ಕ್ರೂ ಸಾಕೇ? ಫೆವಿಕಾಲ್ ಕೂಡ ಹಚ್ಚಬೇಕೇ?

ಉತ್ತರ 3

ಅಲ್ಲಿ ಸ್ಕ್ರೂ ಸಾಲದು. ಕಾಲಿನ ಹೊರಗಿನಿಂದ ಹೊಡೆದ ಸ್ಕ್ರೂ ಅಡ್ಡಪಟ್ಟಿಯ ತುದಿಯೊಳಗೆ, ಅಂದರೆ ನಾರಿನ ಉದ್ದಕ್ಕೇ ಹೋಗುತ್ತದೆ. ಹಿಡಿಸೂಡಿಯ ಕಡ್ಡಿಗಳ ನಡುವೆ ಮೊಳೆ ತೂರಿಸಿದಂತೆ, ಅಲ್ಲಿ ಮರೆಗೆ ಕಚ್ಚಿಕೊಳ್ಳಲು ಅಡ್ಡ ನಾರೇ ಸಿಗುವುದಿಲ್ಲ. ಬೆಂಚು ಮೊದಲು ಅಲುಗಾಡುವುದು ಇದೇ ಜಾಗದಲ್ಲಿ. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಕಾಲಿನಲ್ಲಿ ಚೌಕ ತೂತು ತೋಡಿ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುವುದು ನಿಮ್ಮ ಆಚಾರಿಯವರಿಗೆ ಖಂಡಿತ ಗೊತ್ತಿರುತ್ತದೆ; ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಉತ್ತಮವಾದುದಿಲ್ಲ. ಅಷ್ಟು ಸಮಯವಿಲ್ಲದಿದ್ದರೆ ಬಿಚ್ಚಿ ಜೋಡಿಸುವ ಮಂಚಗಳಲ್ಲಿರುವಂತೆ, ಕಾಲಿನ ಮೂಲಕ ಹಾದ ಬೋಲ್ಟು ಪಟ್ಟಿಯೊಳಗೆ ಅಡ್ಡಲಾಗಿ ಕೂತ ಉರುಟು ನಟ್ಟನ್ನು ಹಿಡಿಯುವಂತೆ ಮಾಡಿಸಿ. ಬೋಲ್ಟಿನ ತಲೆಯ ಕೆಳಗೆ ಅಗಲವಾದ ವಾಷರ್ ಇರಲಿ, ಸಡಿಲವಾದರೆ ಮತ್ತೆ ಬಿಗಿಗೊಳಿಸಬಹುದು.

ಹಲಗೆ ಮತ್ತು ಅಡ್ಡಪಟ್ಟಿಯ ನಡುವೆ ಯಾವ ಅಂಟೂ ಬೇಡ. ಆರಿಂಚಿನ ತೇಗದ ಹಲಗೆ ಮಳೆಗಾಲ ಮತ್ತು ಬೇಸಗೆಯ ನಡುವೆ ಅಗಲದಲ್ಲಿ ಒಂದು ಮಿಲಿಮೀಟರಿನಷ್ಟಾದರೂ ಹಿಗ್ಗಿ ಕುಗ್ಗುತ್ತದೆ. ಪ್ರತಿ ತುದಿಯ ಎರಡು ಸ್ಕ್ರೂಗಳಲ್ಲಿ ಒಂದರ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿಸಿದರೆ ಹಲಗೆ ಸೀಳದೆ ಉಳಿಯುತ್ತದೆ. ಎರಡು ಹಲಗೆಗಳ ನಡುವೆ ಐದಾರು ಮಿಲಿಮೀಟರ್ ಸಂದು ಬಿಟ್ಟರೆ ನೀರೂ ಇಳಿದುಹೋಗುತ್ತದೆ. ಕಾಲಿನ ಕೆತ್ತನೆಯ ಜೋಡಣೆಗೆ ಮಾತ್ರ ಅಂಟು ಹಚ್ಚಬಹುದು, ಆದರೆ ಅದು ಸಾಮಾನ್ಯ ಬಿಳಿ ಅಂಟಾಗದೆ ನೀರು ತಡೆಯುವಂಥದ್ದೋ ಎಪಾಕ್ಸಿಯೋ ಆಗಿರಬೇಕು. ತೇಗದಲ್ಲಿ ಸಹಜವಾದ ಎಣ್ಣೆಯಂಶವಿರುವುದರಿಂದ ಹಚ್ಚುವ ಸ್ವಲ್ಪ ಮುಂಚೆ ಆ ಭಾಗವನ್ನು ಅಸಿಟೋನ್‌ನಿಂದ ಒರೆಸಿ, ಒಣಗಲು ಬಿಟ್ಟು, ಆನಂತರ ಸೇರಿಸಲು ಹೇಳಿ.