ಊರಿಗೆ ಹೋದರೆ ಟೀಮಲ್ಲಿ ಜಾಗ ಹೋಗುತ್ತೆ ಅನ್ನೋರಿಗೆ

ಅಕ್ಕ, ನಿಮ್ಮ ಪ್ರಶ್ನೆ ಓದಿದೆ. ಬೇಸಿಗೆ ರಜಕ್ಕೆ ಮಗನನ್ನು ಅಮೆರಿಕದಿಂದ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರೆ ಅವನ ಬೇಸ್‌ಬಾಲ್ ಟ್ರಾವೆಲ್ ಟೀಮಿನಲ್ಲಿ (ಊರೂರಿಗೆ ಹೋಗಿ ಟೂರ್ನಮೆಂಟ್ ಆಡುವ ಟೀಮು) ಜಾಗ ಸಿಗೋದು ಕಷ್ಟ ಅಂತ ಕೋಚ್ ಹೇಳಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊಣಕೈ ಒಳಗಡೆ ಸ್ವಲ್ಪ ನೋವು ಅಂತಾನೂ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ನನಗೆ ಆ ಸಾಲೇ ಮುಖ್ಯ ಅನ್ನಿಸಿತು. ಡಾಕ್ಟರಿಗೆ ತೋರಿಸಿ, ಊರಿಗೆ ಹೋಗಿ ಬನ್ನಿ. ಆ ಕೈಗೂ ರಜ ಬೇಕು.

ನಾನು ಡಾಕ್ಟರ್ ಅಲ್ಲ. ದಾವಣಗೆರೆಯವನು. ಮಗನನ್ನು ಬೇಸ್‌ಬಾಲ್‌ಗೆ, ಮಗಳನ್ನು ಸಾಫ್ಟ್‌ಬಾಲ್‌ಗೆ ಕರೆದುಕೊಂಡು ಓಡಾಡುವ ಅಪ್ಪ. ಮಗನಿಗೆ ಇದೇ ನೋವು ಬಂದಾಗ ಮೂಳೆ ಡಾಕ್ಟರ್ ಬಿಡಿಸಿ ಹೇಳಿದ್ದು ಇದು. 11-12ರ ವಯಸ್ಸಿನಲ್ಲಿ ಮೊಣಕೈ ಒಳಬದಿಯ ಗುಬುಟಿನ ಹತ್ತಿರ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಅಲ್ಲಿರುವ ಗ್ರೋತ್ ಪ್ಲೇಟ್, ಅಂದರೆ ಮೂಳೆ ಬೆಳೆಯುವ ಜಾಗ, ಮೆತ್ತಗಿರುತ್ತದೆ. ಜೋರಾಗಿ ಎಸೆದಾಗಲೆಲ್ಲ ಅದನ್ನು ಜಗ್ಗಿದಂತಾಗುತ್ತದೆ. ದೊಡ್ಡವರಲ್ಲಾದರೆ ಲಿಗಮೆಂಟ್ (ಮೂಳೆಗೆ ಮೂಳೆ ಕಟ್ಟಿರುವ ನಾರು) ಹರಿಯುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ (ಬೇಸ್‌ಬಾಲ್‌ನಲ್ಲಿ ಬೌಲರ್ ಇದ್ದ ಹಾಗೆ) ಮಾಡಿದ ಆಪರೇಷನ್ ಅದಕ್ಕೇ. ಮಕ್ಕಳಲ್ಲಿ ಲಿಗಮೆಂಟಿಗಿಂತ ಗ್ರೋತ್ ಪ್ಲೇಟೇ ದುರ್ಬಲ, ಹಾಗಾಗಿ ಮೊದಲು ಸೋಲುವುದು ಅದೇ. ಇದಕ್ಕೆ ಲಿಟಲ್ ಲೀಗ್ ಎಲ್ಬೋ ಅನ್ನುತ್ತಾರೆ; ಲಿಟಲ್ ಲೀಗ್ ಅಂದರೆ ಮಕ್ಕಳ ಬೇಸ್‌ಬಾಲ್ ಲೀಗ್. ಬೇಗ ಗೊತ್ತಾದರೆ ಎಸೆಯುವುದನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಹಾಗೇ ಎಳೆದಾಡಿದರೆ ಆ ಮೂಳೆ ತುಂಡೇ ಕಿತ್ತು ಬರಬಹುದು.

ಮಕ್ಕಳು ನೋವು ಹೇಳುವುದಿಲ್ಲ, ಅದೇ ತಲೆನೋವು. ಹೇಳಿದರೆ ಕೋಚ್ ಕೂರಿಸುತ್ತಾರೆ ಅಂತ ಭಯ. ನಮ್ಮವನದು ಗೊತ್ತಾಗಿದ್ದು ದಾವಣಗೆರೆಯಲ್ಲಿ, ನನ್ನ ಅಮ್ಮನಿಂದ. ಬೆಣ್ಣೆದೋಸೆ ಮುಂದಿಟ್ಟರೆ ಇವನು ಎಡಗೈಯಲ್ಲಿ ಮುರಿಯುತ್ತಿದ್ದ. "ಎಡಗೈಲಿ ಉಣ್ತಾರೇನೋ ಯಾರಾದ್ರೂ? ಬಲಗೈಗೆ ಏನಾಗೈತಿ?" ಅಂತ ಗದರಿ, ಕೈ ಹಿಡಿದು ನೀಟಾಗಿ ಚಾಚು ಅಂದರು. ಪೂರ್ತಿ ಚಾಚಲು ಆಗಲಿಲ್ಲ. ಮೊಣಕೈ ಪೂರ್ತಿ ನೆಟ್ಟಗಾಗದಿದ್ದರೆ, ಒಳಬದಿ ಒತ್ತಿದರೆ ನೋವಾದರೆ, ಎಸೆತದ ವೇಗ ಇದ್ದಕ್ಕಿದ್ದಂತೆ ಇಳಿದರೆ ಕಾಯಬೇಡಿ.

ಎಣಿಕೆಯ ವಿಷಯ. ಲಿಟಲ್ ಲೀಗ್‌ನಲ್ಲಿ 2007ರಿಂದ ಪಿಚ್ ಲೆಕ್ಕ ಇದೆ; ಪಿಚ್ ಅಂದರೆ ಇಲ್ಲಿ ಪಿಚರ್ ಎಸೆಯುವ ಒಂದೊಂದು ಎಸೆತ. 11-12 ವರ್ಷದವರಿಗೆ ದಿನಕ್ಕೆ 85 ಪಿಚ್ ಗರಿಷ್ಠ, 66 ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ. ನಿಯಮ ಚೆನ್ನಾಗೇ ಇದೆ. ಆದರೆ ಟ್ರಾವೆಲ್ ಟೀಮಿನಲ್ಲಿ ಎಸೆದದ್ದು ಲೀಗ್ ಕೋಚಿಗೆ ಗೊತ್ತಿರುವುದಿಲ್ಲ. ಶನಿವಾರ ಅಲ್ಲಿ, ಭಾನುವಾರ ಇಲ್ಲಿ. ಮಧ್ಯೆ ಪಿಚಿಂಗ್ ಕ್ಲಾಸ್ ಬೇರೆ. ಒಟ್ಟು ಲೆಕ್ಕ ಬರೆದಿಡಬೇಕಾದವರು ನಾವೇ. ಸುಸ್ತಾದ ಕೈಯಲ್ಲಿ ಎಸೆಯುವುದೇ ಎಲ್ಲಕ್ಕಿಂತ ಅಪಾಯ. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಸಲಹೆಯಲ್ಲಿ ಈ ವಯಸ್ಸಿನವರು ವರ್ಷದಲ್ಲಿ ನಾಲ್ಕು ತಿಂಗಳು ಎಸೆಯಲೇಬಾರದು, ಅದರಲ್ಲಿ ಎರಡು-ಮೂರು ತಿಂಗಳು ಸತತವಾಗಿರಬೇಕು ಅಂತಿದೆ. ನಿಮ್ಮ ಚಿತ್ರದುರ್ಗದ ರಜ ಅದಕ್ಕೆ ಸರಿಯಾಗಿ ಹೊಂದುತ್ತದೆ ಅಲ್ವಾ? ಇದನ್ನು ಕೋಚಿಗೆ ತೋರಿಸಿ. ಒಳ್ಳೆಯ ಕೋಚ್ ಆದರೆ ಒಪ್ಪುತ್ತಾರೆ, ಒಪ್ಪದಿದ್ದರೆ ಆ ಟೀಮು ಹೋದರೂ ಬೇಜಾರಿಲ್ಲ.

ಆದರೆ ಊರಿನಲ್ಲಿ ಸಂಜೆ ಕ್ರಿಕೆಟ್ ಇರುತ್ತದೆ, ಅದನ್ನು ಮರೆಯಬೇಡಿ. ನಮ್ಮ ಕಡೆ ಪ್ರತಿ ಹುಡುಗನೂ ನಮ್ಮ ದಾವಣಗೆರೆಯ ಬೌಲರ್ ವಿನಯ್ ಕುಮಾರ್ ಆಗಲು ಹೊರಟವನೇ. ಅಮೆರಿಕದಿಂದ ಬಂದವನು ಬೌಂಡರಿಯಿಂದ ಸೀದಾ ಕೀಪರ್ ಕೈಗೆ ಎಸೆಯುತ್ತಾನೆ ಅಂತ ಗೊತ್ತಾದರೆ ಮುಗೀತು, ದಿನವೂ ಬೌಂಡರಿಯಲ್ಲೇ ನಿಲ್ಲಿಸುತ್ತಾರೆ. ಮೊಣಕೈಗೆ ಅದೂ ಎಸೆತವೇ. ಬೌಲಿಂಗೂ ಬೇಡ. ಡಾಕ್ಟರ್ ಹೂಂ ಅಂದರೆ ಬ್ಯಾಟಿಂಗ್ ಮಾಡಲಿ. ಕೋಟೆ ಹತ್ತಿಸಿ, ಒನಕೆ ಓಬವ್ವನ ಕಿಂಡಿ ತೋರಿಸಿ. ಪಿಚಿಂಗ್‌ನ ಬಲ ಬರುವುದು ಕಾಲು ಸೊಂಟದಿಂದ, ಆ ಮೆಟ್ಟಿಲುಗಳು ಒಳ್ಳೆಯ ವ್ಯಾಯಾಮ. ಬರಿಗೈಯಲ್ಲಿ ಕೋಟೆ ಏರುವ ಜ್ಯೋತಿರಾಜ್ ಥರ ಗೋಡೆ ಹತ್ತುತ್ತೇನೆ ಅಂದರೆ ಮಾತ್ರ ಕಿವಿ ಹಿಂಡಿ.

ಅಜ್ಜಿ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಮೆಲ್ಲಗೆ ಸವರಲಿ, ಸಂತೋಷ. ಕೈ ಜಗ್ಗಿ ಕೀಲು ಕೂರಿಸುತ್ತೇನೆ ಅನ್ನುವವರ ಹತ್ತಿರ, ನಾಟಿ ಕಟ್ಟು ಹಾಕುವವರ ಹತ್ತಿರ ಬೇಡವೇ ಬೇಡ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ, ಮೂಳೆ ಡಾಕ್ಟರಿಗೆ ಬರಗಾಲವಿಲ್ಲ. ಅವರು ನೋಡುವುದು ಹೆಚ್ಚಾಗಿ ಬೌಲರ್‌ಗಳನ್ನು, ಹಾಗಾಗಿ ಪಿಚಿಂಗ್ ವಿಡಿಯೋ ಒಂದನ್ನು ಫೋನಿನಲ್ಲಿ ತೋರಿಸಿ. ಎರಡೂ ಮೊಣಕೈಯ ಎಕ್ಸ್‌ರೇ ತೆಗೆಸಿದರೆ ಹೋಲಿಸಿ ನೋಡಲು ಅನುಕೂಲ.

ಮಗಳಂದಿರ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಸಾಫ್ಟ್‌ಬಾಲ್‌ನಲ್ಲಿ ಕೈ ಕೆಳಗಿನಿಂದ ಎಸೆಯುತ್ತಾರೆ, ಏನೂ ಆಗಲ್ಲ ಅನ್ನುವವರು ಜಾಸ್ತಿ. ಕೈಯನ್ನು ಸುತ್ತ ತಿರುಗಿಸಿ ಎಸೆಯುವ ಆ ವಿಂಡ್‌ಮಿಲ್ ಎಸೆತದಲ್ಲಿ ಭುಜದ ಮುಂಭಾಗಕ್ಕೆ, ಬೈಸೆಪ್ಸ್ ಬುಡಕ್ಕೆ ಚೆನ್ನಾಗಿಯೇ ಪೆಟ್ಟು ಬೀಳುತ್ತದೆ. ಟೂರ್ನಮೆಂಟ್ ವಾರಾಂತ್ಯದಲ್ಲಿ ಒಬ್ಬಳೇ ಹುಡುಗಿ ಸಾಲು ಸಾಲು ಪಂದ್ಯ ಪಿಚ್ ಮಾಡುವುದನ್ನು ನಾನೇ ನೋಡಿದ್ದೇನೆ. ಇನ್‌ಫೀಲ್ಡ್‌ನಲ್ಲಿ, ಅಂದರೆ ಬ್ಯಾಟ್ ಮಾಡುವವರ ಹತ್ತಿರ ನಿಂತು ಆಡುವ ಹುಡುಗಿಯರಿಗೆ ಫೇಸ್ ಮಾಸ್ಕ್ ಕೊಡಿಸಿ. ಚಂದ ಕಾಣಲ್ಲ ಅಂತ ಹಟ ಮಾಡುತ್ತಾರೆ, ಆದರೂ ಕೊಡಿಸಿ.

ಅಕ್ಕ, ಟಿಕೆಟ್ ಮಾಡುವ ಮುಂಚೆ ಫಾಲ್ ಸೀಸನ್ ಟ್ರೈಔಟ್ (ಟೀಮಿನ ಆಯ್ಕೆ) ಯಾವಾಗ ಅಂತ ಕೇಳಿಕೊಳ್ಳಿ. ವಿಮಾನ ಇಳಿದ ವಾರವೇ ಪೂರ್ತಿ ವೇಗದಲ್ಲಿ ಎಸೆಯಲು ಬಿಡಬೇಡಿ. ಡಾಕ್ಟರ್ ಒಪ್ಪಿದ ಮೇಲೆ ಹತ್ತಿರದಿಂದ ಮೆಲ್ಲಗೆ ಶುರು ಮಾಡಿ, ದೂರ ನಿಧಾನಕ್ಕೆ ಹೆಚ್ಚಿಸಬೇಕು. ಟ್ರೈಔಟ್ ಆಗಸ್ಟ್ ಕೊನೆಗೆ ಇದ್ದರೆ ಈ ಸಲಕ್ಕೆ ಪಿಚಿಂಗ್ ಬದಲು ಫಸ್ಟ್ ಬೇಸ್‌ನಲ್ಲಿ ಫೀಲ್ಡಿಂಗ್ ಕೇಳಿ. ಅಲ್ಲಿ ಎಸೆಯುವುದು ಕಡಿಮೆ.