14 ವರ್ಷದ ಟೀಚರ್ ಕೆಲಸ ಬಿಟ್ಟು ಹೊರದೇಶಕ್ಕೆ ಹೋಗಲಾ?

ಪ್ರಶ್ನೆ:
14 ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಈಗ ಹೊರದೇಶದ ಶಾಲೆಯೊಂದು ಕರೆದಿದೆ. ರಾಜೀನಾಮೆ ಪತ್ರ ಬರೆದು ಹಾಜರಿ ಪುಸ್ತಕದೊಳಗೆ ಇಟ್ಟಿದ್ದೇನೆ. ಕೊಡಲು ಮನಸ್ಸು ಬರುತ್ತಿಲ್ಲ. ಹೋದವರು ಹೇಳಿ, ಮೊದಲು ಏನು ನೋಡಿಕೊಳ್ಳಬೇಕು?

ಉತ್ತರ 1:
ಪತ್ರ ಈಗಲೇ ಕೊಡಬೇಡಿ ಮೇಡಂ. ನಿಮ್ಮ ಶಿಕ್ಷಕರ ತರಬೇತಿಯನ್ನು ಆ ದೇಶ ಒಪ್ಪುತ್ತದಾ ಅಂತ ಬರಹದಲ್ಲೇ ಕೇಳಿ. ನಾನು ಕೇಳಲಿಲ್ಲ. ಒಂದು ವರ್ಷ ಸಹಾಯಕಿಯಾಗಿ, ತರಗತಿಯ ಹಿಂದೆ ಕೂತು ಮಕ್ಕಳ ಪೆನ್ಸಿಲ್ ಚೂಪು ಮಾಡಿಕೊಡುತ್ತಿದ್ದೆ. ಬೋರ್ಡ್ ನೋಡಿದಾಗೆಲ್ಲ ಗಂಟಲು ಕಟ್ಟುತ್ತಿತ್ತು.

ಉತ್ತರ 2:
ಪದವಿ ಪತ್ರಕ್ಕೆ ಅಪೋಸ್ಟಿಲ್ ಮಾಡಿಸಿ, ಅಂದರೆ ಅದರ ಸಹಿ, ಮುದ್ರೆ ಅಸಲಿ ಅಂತ ಹೊರದೇಶಕ್ಕಾಗಿ ಸರ್ಕಾರ ಕೊಡುವ ದೃಢೀಕರಣ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಅದು ನಡೆಯುತ್ತದೆ. ಸೇರದಿದ್ದರೆ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ. ಸಂಬಳವಿಲ್ಲದ ರಜೆ ಕೇಳಿದ್ದೀರಾ?

ಪ್ರಶ್ನೆ ಕೇಳಿದವರು:
ರಜೆ ವಿಷಯ ಹೊಳೆದೇ ಇರಲಿಲ್ಲ. ನಾಳೆಯೇ ವಿಚಾರಿಸುತ್ತೇನೆ. ಪತ್ರ ಸದ್ಯಕ್ಕೆ ಅಲ್ಲೇ ಇರಲಿ.